ಎಳೆದು ಹಿಗ್ಗಿಸಿದ ನಾಡು

ನಮ್ಮ ಹೊಸ ವಿಡಿಯೊ ಆಟದ ನಾಡು ಅರವತ್ತನಾಲ್ಕು ಚದರ ಕಿಲೋಮೀಟರ್ ಎಂದು ಸಂಸ್ಥೆಯ ಮುಖ್ಯಸ್ಥರು ಬೆಂಗಳೂರಿನ ವೇದಿಕೆಯ ಮೇಲೆ ಹೇಳಿದಾಗ, ನಾವು ಚಿತ್ರದುರ್ಗದ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ನೇರಪ್ರಸಾರ ನೋಡುತ್ತಿದ್ದೆವು. ಅಲ್ಲಿ ಸಭೆ ಚಪ್ಪಾಳೆ ತಟ್ಟಿತು. ಇಲ್ಲಿ ಯಾರೂ ತಟ್ಟಲಿಲ್ಲ. ನಾವು ಕಟ್ಟಿದ್ದು ಹದಿನಾರು.

"ಬಾಯಿ ತಪ್ಪಿ ಅಂದಿರಬೇಕು," ಎಂದಳು ನಮ್ಮ ಟೆಸ್ಟರ್. ಹಿರಿಯೂರಿನಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಆಟವನ್ನು ನೂರಾರು ಸಲ ಆಡಿ ಎಲ್ಲಿ ಏನು ಕೆಟ್ಟಿದೆ ಎಂದು ಬರೆದಿಡುವುದು ಅವಳ ಕೆಲಸ.

"ಬಾಯಿ ತಪ್ಪಿದ್ರೆ ಹದಿನಾರು ಹದಿನೇಳಾಗ್ತೈತೆ. ಅರವತ್ತನಾಲ್ಕು ಆಗಲ್ಲ," ಎಂದ ಆಟದ ನೆಲ ಕಟ್ಟುವವನು. ಹೇಳಿ ಡಬ್ಬಿ ಮುಚ್ಚಿದ.

ನಾವು ಹನ್ನೊಂದು ಜನ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು ಮಾಡುತ್ತಿದ್ದದ್ದು ಓಪನ್ ವರ್ಲ್ಡ್ ಆಟ. ಆಡುವವರು ಯಾವ ದಿಕ್ಕಿಗೆ ಬೇಕಾದರೂ ನಡೆಯಬಹುದು, ಯಾವ ಬೆಟ್ಟ ಕಂಡರೂ ಹತ್ತಬಹುದು. ನಮ್ಮ ನಾಡಿನಲ್ಲಿ ಕತ್ತಲಾದರೆ ಬಂಡೆಗಳು ಎದ್ದು ನಡೆಯುತ್ತಿದ್ದವು, ಶಾಪ ತಗುಲಿದವರು ಪಾದದಿಂದ ಮೇಲಕ್ಕೆ ಕಲ್ಲಾಗುತ್ತ ಬರುತ್ತಿದ್ದರು. ಆಡುವವರದು ವೈದ್ಯನ ಪಾತ್ರ. ಸೊಪ್ಪು ಹುಡುಕಬೇಕು, ಜನರನ್ನು ಉಳಿಸಬೇಕು. ಅದರ ತಾಂತ್ರಿಕ ಹೊಣೆ ನನ್ನದಾಗಿತ್ತು.

ನೆಲ ಮಾತ್ರ ಅವನೊಬ್ಬನದೇ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆಯ, ಕುರಿ ಸಾಕುವ ಮನೆಯವನು. ಎರಡು ವರ್ಷ ಕೂತು ನಾಲ್ಕು ಕಿಲೋಮೀಟರ್ ಉದ್ದ, ನಾಲ್ಕು ಕಿಲೋಮೀಟರ್ ಅಗಲದ ನಾಡನ್ನು ಕೈಯಿಂದ ತಿದ್ದಿದ್ದ. ಅವನು ಎಲ್ಲಿಯೂ ಬರೆದಿಡದ ಕೆಲವು ನಿಯಮಗಳಿದ್ದವು. ಒಂದು ಜಾಗದಲ್ಲಿ ನಿಂತರೆ ಮುಂದಿನ ಜಾಗದ ಏನಾದರೊಂದು ಕಾಣಬೇಕು: ಹೊಗೆಯೋ, ಮರದ ತುದಿಯೋ, ಒಂದು ಮಂಟಪದ ಮೂಲೆಯೋ. ದಾರಿ ನೇರ ಹೋಗಬಾರದು. "ಕುರಿ ಗುಡ್ಡ ಹತ್ತಾದು ನೋಡೀರೇನಕ್ಕ? ಮೂಗಿನ ನೇರಕ್ಕೆ ಹೋಗಲ್ಲ. ಓರೆ ಹಿಡಿದು ಹೋಗ್ತವೆ. ಕಾಲಿಗೆ ಅದೇ ಸಲೀಸು, ಕಣ್ಣಿಗೂ ಅದೇ ಚಂದ," ಅನ್ನುತ್ತಿದ್ದ. ಅವನ ಬೆಟ್ಟಗಳಲ್ಲಿ ಓಡಾಡಿದ ಯಾರೂ ಆ ನಾಡು ಚಿಕ್ಕದು ಎಂದಿರಲಿಲ್ಲ. ಅಲ್ಲಿ ದಾರಿ ತಪ್ಪುತ್ತಿತ್ತು, ತಪ್ಪಿದಾಗ ಬೇರೆ ಏನೋ ಸಿಗುತ್ತಿತ್ತು.

ಸೋಮವಾರ ಮುಖ್ಯಸ್ಥರು ಬಂದರು. ಬೇಸರವಿರಲಿ, ಮುಖದಲ್ಲಿ ಸಣ್ಣ ಸಂಕೋಚವೂ ಇರಲಿಲ್ಲ.

"ಅಂದ್ಬಿಟ್ಟೆ. ಈಗ ಮಾಡಾಣ," ಎಂದರು. "ಜನ ಮೊದಲು ಕೇಳಾದೇ ಮ್ಯಾಪು ಎಷ್ಟು ದೊಡ್ಡದು ಅಂತ. ಹದಿನಾರು ಅಂದ್ರೆ ಯಾರು ತಿರುಗಿ ನೋಡ್ತಾರೆ? ಉದ್ದ ಎರಡರಷ್ಟು, ಅಗಲ ಎರಡರಷ್ಟು. ಅಷ್ಟೇ ತಾನೆ? ಎಳೆಯಾಕೆ ಬರ್ತೈತಾ ಇಲ್ವಾ?"

ಪ್ರಶ್ನೆ ನನಗೆ. ನಾನು "ತಾಂತ್ರಿಕವಾಗಿ ಬರ್ತೈತೆ ಸರ್" ಎಂದೆ.

ಆ ಮಾತನ್ನು ಇವತ್ತಿಗೂ ನಾನು ಕ್ಷಮಿಸಿಕೊಂಡಿಲ್ಲ. ಬರುವುದಿಲ್ಲ ಎನ್ನಲು ಜಂಬ ಬಿಡಲಿಲ್ಲ. ಬೇಡ ಎನ್ನುವುದು ಹೊಳೆಯಲೇ ಇಲ್ಲ. ನೆಲ ಕಟ್ಟಿದವನು ಎರಡು ಮೇಜು ಆಚೆ ಕೂತಿದ್ದ. ಅವನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಎಳೆಯುವುದು ಎಂದರೆ ಹೀಗೆ. ಆಟದ ನೆಲ ಒಳಗೆ ಒಂದು ಚಿತ್ರ. ಅದರ ಒಂದೊಂದು ಚುಕ್ಕೆ ಒಂದೊಂದು ಮೀಟರ್ ನೆಲದ ಎತ್ತರವನ್ನು ಹೇಳುತ್ತದೆ. ಆ ಚುಕ್ಕೆಯನ್ನು ಎರಡು ಮೀಟರ್ ಎಂದು ಬದಲಿಸಿದರೆ ನಾಡು ನಾಲ್ಕು ಪಟ್ಟಾಗುತ್ತದೆ. ಎತ್ತರ ಹಾಗೆಯೇ ಬಿಟ್ಟರೆ ಬೆಟ್ಟಗಳೆಲ್ಲ ಚಪ್ಪಟೆಯಾಗಿ ದಿಬ್ಬಗಳಾಗುತ್ತವೆ. ಎತ್ತರವನ್ನೂ ಎರಡರಷ್ಟು ಮಾಡಿದರೆ ಆಕಾರ ಉಳಿಯುತ್ತದೆ, ಆದರೆ ಮೊಣಕಾಲುದ್ದದ ಕಲ್ಲು ಸೊಂಟದುದ್ದವಾಗಿ ದಾರಿಗೆ ಅಡ್ಡ ನಿಲ್ಲುತ್ತದೆ. ಮುಖ್ಯಸ್ಥರು ಎರಡನೆಯದನ್ನು ಆರಿಸಿದರು. ನೋಡಲು ಭವ್ಯವಾಗಿರುತ್ತದಂತೆ. ಮನೆ, ಬಾವಿ, ಮನುಷ್ಯರನ್ನು ಹಿಗ್ಗಿಸುವಂತಿರಲಿಲ್ಲ. ಅವು ಇದ್ದಷ್ಟೇ ಇದ್ದು ದೂರ ದೂರ ಸರಿದವು. ಓಣಿಯಲ್ಲಿ ಎದುರುಬದುರು ಕೂತು ಮಾತಾಡುತ್ತಿದ್ದ ಇಬ್ಬರು ಮುದುಕಿಯರ ನಡುವೆ ಈಗ ದನಿ ಎತ್ತದೆ ಮಾತು ಕೇಳದಷ್ಟು ಜಾಗ. ಆದರೂ ಅವರು ಪಿಸುಮಾತಿನಲ್ಲೇ ಹರಟುತ್ತಿದ್ದರು.

ಖಾಲಿ ಉಳಿದದ್ದನ್ನು ತುಂಬಬೇಕಿತ್ತು. ಮರ, ಬಂಡೆ, ಪೊದೆಗಳನ್ನು ಬೀಜ ಎರಚಿದಂತೆ ಎರಚುವ ಒಂದು ಸಾಧನ ಬರೆದೆ. ಅವನು ಕೈಯಿಂದ ಕಟ್ಟಿದ್ದ ಒಂದೇ ಒಂದು ಕಳ್ಳರ ಬೀಡು ಇತ್ತು. ಮೂರು ಗುಡಾರ, ಆರಿದ ಬೆಂಕಿ, ಪಕ್ಕದಲ್ಲಿ ಬಾಯಿ ಒಡೆದ ಗಡಿಗೆ. ಅದನ್ನು ನಕಲು ಮಾಡಿ, ಒಂದೊಂದನ್ನು ಒಂದೊಂದು ದಿಕ್ಕಿಗೆ ತಿರುಗಿಸಿ, ನಲವತ್ತು ಕಡೆ ಇಟ್ಟೆ. ಒಂದು ಮಧ್ಯಾಹ್ನದ ಕೆಲಸ.

ಮರುದಿನ ಬೆಳಿಗ್ಗೆ ಹೊಸ ನಾಡನ್ನು ತೆರೆದು ಅವನು ಬಹಳ ಹೊತ್ತು ಅಲೆದ. ನಾನು ನನ್ನ ಪರದೆಯ ಹಿಂದೆ ಕೂತು ಕೆಲಸ ಮಾಡುವಂತೆ ನಟಿಸುತ್ತಿದ್ದೆ. ಕೊನೆಗೆ ಕುರ್ಚಿ ತಿರುಗಿಸಿ ಕೇಳಿದ:

"ಅಕ್ಕ, ನನ್ನ ಕಣಿವೆ ಎಲ್ಲೈತೆ?"

ಅಂಕಿ ಒತ್ತಿ ಜಾಗ ಹುಡುಕಿ ತೋರಿಸಿದೆ. ಎರಡು ಬೆಟ್ಟಗಳ ನಡುವೆ ಒಬ್ಬೊಬ್ಬರೇ ನುಸುಳಿ ಹೋಗಬೇಕಾಗಿದ್ದ ಸಂದಿಯಲ್ಲಿ ಈಗ ಎತ್ತಿನ ಗಾಡಿ ನುಗ್ಗಬಹುದಿತ್ತು. ಅವನು ನೋಡಿದ. "ಓಹೋ, ಇದಾ," ಎಂದ. ಅಷ್ಟೇ.

ಆಮೇಲಿನ ಮೂರು ತಿಂಗಳು ಒಂದರ ಹಿಂದೆ ಒಂದು ಕೆಡುತ್ತ ಹೋಯಿತು. ಆಟದಲ್ಲಿ ಮೊದಲ ದೊಡ್ಡ ಘಟನೆ ಒಬ್ಬ ತಾಯಿಯದು. ಸೊಂಟದವರೆಗೆ ಕಲ್ಲಾದವಳು. ಬೆಟ್ಟದ ಮೇಲಿನ ಸೊಪ್ಪು ಕಿತ್ತರೆ ಆರು ನಿಮಿಷಕ್ಕೆ ಬಾಡುತ್ತದೆ. ದಾರಿ ಐದು ನಿಮಿಷದ್ದು. ಒಂದು ಸಲ ಎಡವಿದರೂ ಅವಳು ಉಳಿಯುವುದು ಅನುಮಾನ. ಎಳೆದ ಮೇಲೆ ದಾರಿ ಹತ್ತು ನಿಮಿಷವಾಯಿತು. ಯಾರು ಆಡಿದರೂ ತಾಯಿ ಸತ್ತಳು. ಹಾಗಾದರೆ ಸೊಪ್ಪು ಹನ್ನೆರಡು ನಿಮಿಷಕ್ಕೆ ಬಾಡಲಿ ಎಂದರು ಮುಖ್ಯಸ್ಥರು. ಲೆಕ್ಕಕ್ಕೆ ಸರಿ. ಆದರೆ ಐದು ನಿಮಿಷ ಉಸಿರು ಬಿಗಿಹಿಡಿದು ಓಡುವುದು ಬೇರೆ, ಹತ್ತು ನಿಮಿಷ ಒಂದೇ ಗುಂಡಿಯ ಮೇಲೆ ಬೆರಳೊತ್ತಿಕೊಂಡು ಕೂರುವುದು ಬೇರೆ. ಅದನ್ನು ಅವರಿಗೆ ಹೇಳಿದೆ. "ಪ್ರಕೃತಿ ಸೌಂದರ್ಯ ನೋಡ್ಲಿ ಬಿಡ್ರಿ," ಎಂದರು.

ನಂತರ ಕೈ ನಡುಗತೊಡಗಿತು. ನನ್ನದಲ್ಲ, ಆಟದೊಳಗಿನ ವೈದ್ಯನದು. ನಾಡಿನ ಈಶಾನ್ಯ ತುದಿಗೆ ಹೋದರೆ ಅವನ ಬೆರಳುಗಳು ಚಳಿಜ್ವರ ಬಂದವರ ಹಾಗೆ ಅದುರುತ್ತವೆ ಎಂದು ಟೆಸ್ಟರ್ ಬರೆದಿದ್ದಳು. ಕಾರಣ ಹುಡುಕಲು ನನಗೆ ನಾಲ್ಕು ದಿನ ಬೇಕಾಯಿತು. ಆಟದೊಳಗೆ ಎಲ್ಲ ಜಾಗವನ್ನೂ ನೈಋತ್ಯದ ಒಂದು ಮೂಲೆಯಿಂದ ಅಳೆಯುತ್ತಿದ್ದೆವು. ಗಣಕ ಒಂದು ಅಂಕಿಗೆ ಇಷ್ಟೇ ಸ್ಥಾನ ಎಂದು ಇಟ್ಟಿರುತ್ತದೆ. ಮೂಲೆಯಿಂದ ದೂರ ಹೋದಷ್ಟೂ ಆ ಸ್ಥಾನಗಳೆಲ್ಲ ದೂರ ಹೇಳುವುದಕ್ಕೇ ಖರ್ಚಾಗಿ, ಬೆರಳಿನ ಸಣ್ಣ ಚಲನೆ ಹೇಳಲು ಏನೂ ಉಳಿಯುವುದಿಲ್ಲ. ಗಣಕ ಅಂದಾಜು ಮಾಡುತ್ತದೆ, ಬೆರಳು ನಡುಗುತ್ತದೆ. ಅಳೆಯುವ ಮೂಲವನ್ನು ನಡುಮಧ್ಯಕ್ಕೆ ಸರಿಸಿದೆ. ನಡುಕ ನಿಂತಿತು. ಆದರೆ ಹಳೆಯ ಮೂಲೆಯಿಂದಲೇ ಅಳೆದಿಟ್ಟಿದ್ದ ಹನ್ನೆರಡು ಘಟನೆಗಳು ತಪ್ಪು ಜಾಗದಲ್ಲಿ ನಡೆಯತೊಡಗಿದವು.

ದೂರ ಹೆಚ್ಚಾಯಿತು ಎಂದರೆ ಕುದುರೆ ಹಾಕಿ ಎಂದರು ಮುಖ್ಯಸ್ಥರು. ಹಾಕಿದೆವು. ಕುದುರೆ ಓಡುವ ವೇಗಕ್ಕೆ ಮುಂದಿನ ನೆಲ ಸಿದ್ಧವಾಗುತ್ತಿರಲಿಲ್ಲ. ಕುದುರೆಯೂ ವೈದ್ಯನೂ ಇನ್ನೂ ಹುಟ್ಟದ ನೆಲದ ಮೂಲಕ ಕೆಳಗೆ ಬಿದ್ದು ಹೋಗುತ್ತಿದ್ದರು. ಸರಿ, ಕುದುರೆಯನ್ನು ನಿಧಾನ ಮಾಡಿ ಎಂದರು. ನಿಧಾನ ಮಾಡಿದ ಕುದುರೆ ಮನುಷ್ಯನಿಗಿಂತ ತುಸುವೇ ಬೇಗ. ಆ ಹೊತ್ತಿಗೆ ನನ್ನ ಕೋಪ ತಲೆನೋವಿನ ಹಾಗೆ ಬೆಳಿಗ್ಗೆಯೇ ಎದ್ದು ನನ್ನ ಜೊತೆ ಆಫೀಸಿಗೆ ಬರುತ್ತಿತ್ತು. ಹೊಳಲ್ಕೆರೆಯಿಂದ ಬೈಕಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವರಿಗೆ ಹೇಳಬೇಕಾದ ಮಾತುಗಳನ್ನು ಹೆಲ್ಮೆಟ್ಟಿನೊಳಗೆ ಜೋರಾಗಿ ಹೇಳುತ್ತಿದ್ದೆ. ಮಹಡಿ ಹತ್ತಿದ ಮೇಲೆ "ಸರಿ ಸರ್" ಅನ್ನುತ್ತಿದ್ದೆ.

ಒಂದು ದಿನ ಟೆಸ್ಟರನ್ನು ಕರೆದು, ನೈಋತ್ಯದಿಂದ ಈಶಾನ್ಯಕ್ಕೆ ಎಲ್ಲಿಯೂ ನಡುವಿನ ದಾರಿ ಬಿಟ್ಟು ಹಾರದೆ ಓಡಿಕೊಂಡು ಹೋಗು, ಏನಾದರೂ ನಡೆದ ಕೂಡಲೇ ಸಮಯ ಬರೆ ಎಂದೆ. ಮುಗಿಸಿ ಬಂದು ನೋಟ್‌ಬುಕ್ ಮುಂದಿಟ್ಟಳು. ನಲವತ್ತೆರಡು ನಿಮಿಷ. ಬರೆಯಲು ಸಿಕ್ಕದ್ದು ಎಂಟು ಸಾಲು. ಅದರಲ್ಲಿ ಐದು ಸಾಲು ಒಂದೇ ಬೀಡಿನದು.

"ಹಿರಿಯೂರಿಂದ ಇಲ್ಲಿಗೆ ಬಸ್ಸಲ್ಲಿ ಬಂದಷ್ಟೇ ಹೊತ್ತು ಆತು ಮೇಡಂ. ಬಸ್ಸಲ್ಲಾದ್ರೆ ಜನ ಜಗಳಾನಾದ್ರೂ ಆಡ್ತಾರೆ," ಎಂದಳು.

ಆ ನೋಟ್‌ಬುಕ್ಕನ್ನು ವಾರದ ಸಭೆಗೆ ಒಯ್ದೆ. ಮುಖ್ಯಸ್ಥರು ಅದನ್ನು ತೆರೆಯಲಿಲ್ಲ. ಇನ್ನಷ್ಟು ಬಂಡೆ ಎರಚಿ ಎಂದರು. ನೆಲ ಕಟ್ಟುವವನು ಆ ಮೂರು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟ.

"ಎರಚಿದ ಬಂಡೆ ಬಂಡೆ ಅಲ್ಲ ಸರ್. ಅದು ಯಾಕೆ ಅಲ್ಲಿ ಬಿದ್ದೈತೆ ಅಂತ ಅದಕ್ಕೇ ಗೊತ್ತಿರಲ್ಲ."

"ನೆಲ ಅಂದ್ರೆ ನೆಲ ಕಣಪ್ಪ," ಎಂದರು ಮುಖ್ಯಸ್ಥರು. "ನಿನ್ನ ಎರಡು ವರ್ಷದ್ದನ್ನ ಈ ಮೇಡಂ ಒಂದು ಮಧ್ಯಾಹ್ನದಾಗೆ ನಾಲ್ಕು ಪಟ್ಟು ಮಾಡಿಕೊಟ್ರು. ಕಥೆ ಹೇಳಬೇಡ."

ಅವನು ಎದ್ದು ಬ್ಯಾಗು ತೆಗೆದುಕೊಂಡು ಹೊರಟ. ನಾಳೆ ಬರುತ್ತಾನೆ ಅಂದುಕೊಂಡೆವು. ಮರುದಿನವೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಫೋನ್ ಎತ್ತಲಿಲ್ಲ.

ಭಾನುವಾರ ನಾನು ಹೊಸದುರ್ಗದ ಮೇಲೆ ಹಾದು ಅವನ ಊರಿಗೆ ಹೋದೆ. ಹಿಂಡು ಮೇಯಲು ಹೋಗಿತ್ತು. ಕುಂಟುವ ಮೂರು ಕುರಿಗಳನ್ನು ದೊಡ್ಡಿಯಲ್ಲಿ ಉಳಿಸಿಕೊಂಡು ಅವನು ಗೊರಸು ಕತ್ತರಿಸುತ್ತಿದ್ದ. ನನ್ನನ್ನು ನೋಡಿ ಒಂದು ಕುರಿಯ ಹಿಂಗಾಲನ್ನು ನನ್ನ ಕೈಗೆ ಕೊಟ್ಟ. "ಗಟ್ಟಿ ಹಿಡ್ಕಳ್ರಿ. ಸಡ್ಲ ಬಿಟ್ರೆ ಒದೀತೈತೆ."

ಹಿಡಿದುಕೊಂಡೆ. ಕತ್ತರಿ ಕೊಳೆತ ಅಂಚನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಿತ್ತು. ಮುಖ್ಯಸ್ಥರ ಬಗ್ಗೆ ನನಗಿದ್ದ ಸಿಟ್ಟನ್ನೆಲ್ಲ ಅಲ್ಲಿ ಕಾರಿಕೊಂಡೆ. ಅವರ ಸುಳ್ಳು, ಅವರ ಕುದುರೆ, ಅವರ ಬಂಡೆ. ಅವನು ಎರಡು ಗೊರಸು ಮುಗಿಸುವವರೆಗೂ ಕೇಳಿಸಿಕೊಂಡ.

"ಅವರು ಹೇಳಿದ್ರು," ಎಂದ ಆಮೇಲೆ. "ಎಳೆದಿದ್ದು ಯಾರು?"

ನಾನು ಮುಂದಿನ ಕುರಿಯ ಕಾಲನ್ನು ಹಿಡಿದುಕೊಂಡೆ.

"ಅವರಿಗೆ ಗೊತ್ತಿಲ್ಲ, ಬಿಡ್ರಿ. ಅವರು ಒಂದಿನಾನೂ ಆ ನೆಲದ ಮೇಲೆ ಓಡಾಡಿದೋರಲ್ಲ. ನೀವು ಓಡಾಡಿದ್ರಿ. ನನ್ನ ಕಣಿವ್ಯಾಗೆ ಕುಂತು, ಇಲ್ಲೇ ಇರಾಣ ಅನ್ಸುತ್ತೆ ಅಂದಿದ್ರಿ. ಅಂದೋರೇ ಎಳೆದ್ರಿ. ನನಗೆ ಸಿಟ್ಟು ಬಂದಿರಾದು ನಿಮ್ಮ ಮ್ಯಾಲೆ ಅಕ್ಕ."

ಅವನ ಹೆಂಡತಿ ಮಜ್ಜಿಗೆ ತಂದಳು. ನಮ್ಮಿಬ್ಬರ ಮುಖ ನೋಡಿ, "ಇವ್ರು ಮನ್ಯಾಗೆ ಕುಂತ್ರೆ ಕುರಿಗೂ ಬ್ಯಾಸರ, ನಮಗೂ ಬ್ಯಾಸರ. ಕರ್ಕೊಂಡು ಹೋಗ್ರಿ," ಎಂದಳು. ಅವನು ನಗಲಿಲ್ಲ. ಹೊರಡುವಾಗ ಮಾತ್ರ ಬೈಕಿನವರೆಗೆ ಬಂದು, "ಹಳೇ ಫೈಲು ತೆರೆದ ದಿನ ಹೇಳ್ರಿ. ಬರ್ತೀನಿ," ಎಂದ.

ಹಳೆಯ ಫೈಲು ಇತ್ತು. ಎಳೆಯುವ ಹಿಂದಿನ ದಿನದ ಪ್ರತಿಯನ್ನು ನಾನು ತೆಗೆದಿಟ್ಟಿದ್ದೆ. ಆದರೆ ಅದಕ್ಕೆ ಮರಳುವುದೆಂದರೆ ಮೂರು ತಿಂಗಳಲ್ಲಿ ಹನ್ನೊಂದು ಜನ ತಿದ್ದಿದ್ದನ್ನೆಲ್ಲ ಮತ್ತೆ ಅರ್ಧಕ್ಕೆ ಇಳಿಸಿ ಕೂಡಿಸಬೇಕು. ಮುಖ್ಯಸ್ಥರು ಒಪ್ಪದೆ ಅದು ಆಗುವ ಕೆಲಸವಲ್ಲ. ಮಾತಿನಿಂದ ಅವರು ಒಪ್ಪುವವರಲ್ಲ. ದಾರಿಯಲ್ಲಿ, ಹೆಲ್ಮೆಟ್ಟಿನೊಳಗೆ, ಅವತ್ತು ನಾನು ಯಾರಿಗೂ ಬೈಯಲಿಲ್ಲ. ಏನು ಮಾಡಬೇಕು ಎಂದು ಯೋಚಿಸಿದೆ.

ಆ ಗುರುವಾರ ಆಟವನ್ನು ಹೊರತರುವ ಪ್ರಕಾಶನ ಸಂಸ್ಥೆಯ ಪ್ರತಿನಿಧಿಗೆ ವಿಡಿಯೊ ಕರೆಯಲ್ಲಿ ಕೆಲಸ ತೋರಿಸುವುದಿತ್ತು. ಪ್ರತಿ ಸಲ ಆಟ ನಡೆಸುತ್ತಿದ್ದವಳು ನಾನು. ನಮ್ಮಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಒಂದು ಜಾಗದಿಂದ ಇನ್ನೊಂದಕ್ಕೆ ಹಾರಬಹುದು. ಚಂದದ ಕಡೆ ಇಳಿಯುವುದು, ತೋರಿಸುವುದು, ಹಾರುವುದು. ನೋಡುವವರಿಗೆ ನಡುವಿನ ಬಯಲು ಕಾಣುವುದೇ ಇಲ್ಲ. ಬುಧವಾರ ಆ ಗುಂಡಿಯನ್ನು ನಿಷ್ಕ್ರಿಯ ಮಾಡಿದೆ. ಗುರುವಾರ ಬೆಳಿಗ್ಗೆ ಮುಖ್ಯಸ್ಥರಿಗೆ ಹೇಳಿದೆ:

"ಈ ಸಲ ನೀವೇ ಆಡಿ ತೋರ್ಸಿ ಸರ್. ನಿಮ್ಮ ಕೈಯಾಗೆ ನೋಡಿದ್ರೆ ಅವರಿಗೂ ನಂಬಿಕೆ ಬರ್ತೈತೆ."

ಅವರಿಗೆ ಸಂತೋಷವಾಯಿತು. ಅದು ಮೋಸವೇ. ಗೊತ್ತಿದ್ದೇ ಮಾಡಿದೆ.

ಮೊದಲ ಎರಡು ನಿಮಿಷ ಅವರು ಬೆಟ್ಟಗಳನ್ನು ಹೊಗಳಿದರು. ಮೂರನೆಯ ನಿಮಿಷದಲ್ಲಿ ಆಕಾಶವನ್ನು ಹೊಗಳಿದರು. ಆಮೇಲೆ ಹಾರುವ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ನನ್ನ ಕಡೆ ನೋಡಿದರು. ನಾನು ಪರದೆಯನ್ನೇ ನೋಡುತ್ತಿದ್ದೆ. ಓಡಿದರು. ಒಂದು ಬೀಡು ಸಿಕ್ಕಿತು, ಕಳ್ಳರನ್ನು ಹೊಡೆದರು. ಮತ್ತೆ ಓಡಿದರು. ವೈದ್ಯನ ಹೆಜ್ಜೆಯ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಏಳನೆಯ ನಿಮಿಷದಲ್ಲಿ ಇನ್ನೊಂದು ಬೀಡು ಬಂತು.

"ಸರ್, ಈ ಒಡೆದ ಗಡಿಗೆ ಆಗಲೇ ನೋಡಿದ್ವಲ್ಲ?" ಎಂದಳು ಪರದೆಯಾಚೆಯ ಪ್ರತಿನಿಧಿ. "ಸುತ್ತು ಹೊಡೆದು ಅಲ್ಲಿಗೇ ಬಂದ್ರಾ?"

"ಇಲ್ಲ, ಇದು ಬೇರೆ," ಎಂದರು ಮುಖ್ಯಸ್ಥರು.

"ಮುಂದೆ ಏನಿದೆ?"

ಅವರಿಗೆ ಗೊತ್ತಿರಲಿಲ್ಲ. ತಾವು ವೇದಿಕೆಯ ಮೇಲೆ ಮಾರಿದ ನಾಡಿನಲ್ಲಿ ಮುಂದೆ ಏನಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಅವರ ಹೆಬ್ಬೆರಳು ಗುಂಡಿಯ ಮೇಲೆ ಒತ್ತಿಕೊಂಡೇ ಇತ್ತು, ಹಣೆಯ ಮೇಲೆ ಬೆವರು. ಒಂದು ಕ್ಷಣ ಪಾಪ ಅನ್ನಿಸಿತು. ನೆಲ ಅಂದ್ರೆ ನೆಲ ಕಣಪ್ಪ ಎಂಬ ಮಾತು ನೆನಪಾಯಿತು. ಪಾಪ ಹೋಯಿತು.

"ಇನ್ನು ಹದಿನೈದು ನಿಮಿಷ ಹೀಗೇ ಐತೆ ಮೇಡಂ," ಎಂದೆ. "ನಾವು ಕಟ್ಟಿದ್ದು ಹದಿನಾರು ಚದರ ಕಿಲೋಮೀಟರ್. ಅದು ಚೆನ್ನಾಗಿತ್ತು. ಅರವತ್ತನಾಲ್ಕು ಅಂತ ಹೇಳಿದ ಮೇಲೆ ಎಳೆದ್ವಿ. ಎಳೆದಿದ್ದು ನಾನೇ. ಹಳೇದು ಹಾಗೇ ಐತೆ. ಬೇಕಿದ್ರೆ ಈಗ್ಲೇ ತೋರಿಸ್ತೀನಿ."

ಮುಖ್ಯಸ್ಥರು ಕರೆ ಕತ್ತರಿಸಿದರು.

"ನನ್ನ ಮಾನ ತೆಗೆದ್ರಿ," ಎಂದರು. ದನಿ ಏರಿಸಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

"ಒಂಬತ್ತು ನಿಮಿಷ ನಡೆದ್ರಿ ಸರ್. ಜನ ನಲವತ್ತೆರಡು ನಿಮಿಷ ನಡೀಬೇಕು. ಅವರು ದುಡ್ಡು ಕೊಟ್ಟು ನಡೀತಾರೆ."

"ನಿಮ್ಮನ್ನ ಈ ಕೆಲಸದಾಗೆ ಇಟ್ಕಳಾದು ಹೆಂಗೆ ಅಂತ ಯೋಚನೆ ಮಾಡ್ತೀನಿ."

"ಮಾಡ್ರಿ," ಎಂದೆ. ಬಾಗಿಲ ಬಳಿ ನಿಂತಿದ್ದ ಟೆಸ್ಟರ್ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟು ಹೋದಳು.

ಆರನೆಯ ದಿನ ಪ್ರತಿನಿಧಿಯಿಂದ ಪತ್ರ ಬಂತು. ಹಳೆಯದನ್ನು ಕಳಿಸಿ, ಆಡಿ ನೋಡುತ್ತೇವೆ ಎಂದಿತ್ತು. ಕಳಿಸಿದೆವು. ಎರಡು ದಿನದ ಮೇಲೆ ಮತ್ತೊಂದು ಪತ್ರ: ತಾಯಿಯನ್ನು ಉಳಿಸಲು ನಾಲ್ಕು ಸಲ ಓಡಿದೆ, ನಾಲ್ಕನೆಯ ಸಲ ಉಳಿದಳು, ಇದನ್ನೇ ಮುಗಿಸಿ, ಸಾರ್ವಜನಿಕವಾಗಿ ಹೇಳಿದ ಅಳತೆಯನ್ನು ತಿದ್ದಿಕೊಳ್ಳಿ.

ನೆಲ ಕಟ್ಟುವವನಿಗೆ ಫೋನ್ ಮಾಡಿದೆ. ಮರುದಿನ ಬಂದ. ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲು ಅವನಿಗೆ ಇನ್ನೂ ಒಂದು ತಿಂಗಳು ಬೇಕಾಯಿತು. ನಲವತ್ತು ನಕಲಿ ಬೀಡುಗಳನ್ನು ಅಳಿಸಿದೆವು. ಕುದುರೆಯನ್ನು ತೆಗೆದೆವು. ಪ್ರತಿಯೊಂದು ಮನೆ, ಬಾವಿ, ಮುದುಕಿಯರ ಸ್ಥಾನವನ್ನು ಅರ್ಧಕ್ಕೆ ಇಳಿಸಿ, ಇಳಿಸಿದ್ದನ್ನು ಕಣ್ಣಿಂದ ನೋಡಿ ಒಪ್ಪಿದೆವು. ಏಳು ವಾರ ಹಿಡಿಯಿತು.

ಮುಖ್ಯಸ್ಥರು ತಿದ್ದಿಕೊಂಡದ್ದು ಹೀಗೆ. ಒಂದು ವಿಡಿಯೊದಲ್ಲಿ ಕೂತು, "ಆಟಗಾರರ ಅನುಭವಕ್ಕಾಗಿ ನಾವು ನಾಡನ್ನು ಬೇಕೆಂದೇ ಸಾಂದ್ರಗೊಳಿಸಿದ್ದೇವೆ. ಇದು ನನ್ನ ಬಹುದಿನದ ಕಲ್ಪನೆ," ಎಂದರು. ನನ್ನ ತಾಂತ್ರಿಕ ಹೊಣೆಯನ್ನು ಇನ್ನೊಬ್ಬರಿಗೆ ಕೊಟ್ಟರು. ತೆಗೆದುಹಾಕಲಿಲ್ಲ. ಆಟದ ಕೋಡ್ ಪೂರ್ತಿ ಗೊತ್ತಿದ್ದವಳು ನಾನೊಬ್ಬಳೇ. ಆ ವಿಡಿಯೊವನ್ನು ನೆಲ ಕಟ್ಟುವವನು ಫೋನಿನಲ್ಲಿ ಎರಡು ಸಲ ನೋಡಿ ಕೆಲಸಕ್ಕೆ ಹಿಂತಿರುಗಿದ. ನಾನು ಹತ್ತು ಸಲ ನೋಡಿರಬೇಕು. ಈಗಲೂ ನೋಡಿದರೆ ಕಿವಿ ಬಿಸಿಯಾಗುತ್ತದೆ.

ಬಿಡುಗಡೆಗೆ ಮುಂಚೆ ಆಟ ಮಾರುವ ಆನ್‌ಲೈನ್ ಅಂಗಡಿಯ ಪುಟಕ್ಕೆ ಒಂದು ಅರ್ಜಿ ತುಂಬಬೇಕಿತ್ತು. ಆಟದ ಹೆಸರು, ಭಾಷೆಗಳು, ನಾಡಿನ ಅಳತೆ. ಹೊಣೆ ಹೋಗಿದ್ದರೂ ಅಂಥ ಕೆಲಸ ನನಗೇ ಬರುತ್ತಿತ್ತು. ಅಳತೆಯ ಚೌಕದಲ್ಲಿ ಅಂಕಿ ಬರೆದು, ಉಳಿದದ್ದನ್ನು ಇನ್ನೊಮ್ಮೆ ಓದುತ್ತಿದ್ದೆ. ಮುಖ್ಯಸ್ಥರ ಫೋನ್ ಬಂತು. ಹೆದ್ದಾರಿಯಲ್ಲಿದ್ದರು, ಲಾರಿಗಳ ಸದ್ದು ಕೇಳುತ್ತಿತ್ತು.

"ಅಳತೆ ಇಪ್ಪತ್ತು ಅಂತ ಹಾಕ್ರಿ. ಗುಹೆ, ನೆಲಮಾಳಿಗೆ ಎಲ್ಲ ಸೇರಿಸಿದ್ರೆ ಅಷ್ಟು ಆಗ್ತೈತೆ."

"ಆಗಲೇ ಕಳ್ಸಿಬಿಟ್ಟೆ ಸರ್," ಎಂದೆ.

"ಎಷ್ಟು ಅಂತ ಹಾಕಿದ್ರಿ?"

"ಎಷ್ಟು ಐತೋ ಅಷ್ಟು," ಎಂದೆ. ಫೋನನ್ನು ಭುಜಕ್ಕೆ ಒತ್ತಿಕೊಂಡು, ಆಮೇಲೆ ಕಳಿಸುವ ಗುಂಡಿ ಒತ್ತಿದೆ.